ಮನೆಯವರ ಒಪ್ಪಿಗೆ

ಹಲೋ… ಹೌದು, ಕನ್ನಡಕದ ಅಂಗಡಿಯೇ. ತಾವು ಯಾರು ಮಾತಾಡ್ತಿರೋದು?… ಸ್ವಲ್ಪ ಜೋರಾಗಿ ಹೇಳಿ, ಬೀದಿ ಸದ್ದು… ಯಾರು, ಡಾಕ್ಟರಮ್ಮನವರಾ?…

ಓ, ನೀನಾ ಚೂಟಿ! ನಿನ್ನ ಧ್ವನಿ ಯಾಕೆ ಹೀಗಾಗಿದೆ, ನೆಗಡಿನಾ?… ಯಾವ ಡಾಕ್ಟರಮ್ಮ? ಇಲ್ಲ ಇಲ್ಲ, ಯಾರೋ ಹಲ್ಲಿನ ಡಾಕ್ಟರು, ಫ್ರೇಮು ರಿಪೇರಿಗೆ ಕೊಟ್ಟಿದ್ದಾರೆ. ಅವರೇ ಇರಬೇಕು ಅಂದ್ಕೊಂಡೆ. ಅದಿರಲಿ, ಈ ಹೊತ್ತಿನಲ್ಲಿ ಫೋನ್ ಮಾಡಿದ್ದೀಯ, ಕ್ಲಾಸಿಲ್ವಾ?…

ಹಾಂ… ಹಾಂ… ಅಳಬೇಡ. ಮೊದಲು ಮೂಗು ಒರೆಸ್ಕೋ. ಎಲ್ಲಿದ್ದೀಯ ಈಗ?… ಆಸ್ಪತ್ರೆ ಮೆಟ್ಟಿಲ ಮೇಲಾ? ಅಲ್ಲಿ ಕೂತು ಅತ್ತರೆ ಯಾರೋ ಹೋಗಿಬಿಟ್ಟರು ಅಂತ ಜನ ಬಂದು ಸಮಾಧಾನ ಮಾಡ್ತಾರೆ ಅಷ್ಟೇ. ಒಂದು ಪಕ್ಕಕ್ಕೆ ಹೋಗು. ಏನಾಯ್ತು ಅಂತ ಒಂದೊಂದಾಗಿ ಹೇಳು, ತಾತ ಎಲ್ಲೂ ಹೋಗಲ್ಲ…

ತಗೊಳ್ಳಲಿಲ್ವಾ? ಯಾರು, ಆ ಕ್ಷಯರೋಗದ ಲ್ಯಾಬಿನವರಾ?… ಓಹ್… ಹೌದಾ… ಕಾರಣ ಏನಾದ್ರೂ ಬರೆದಿದ್ದಾರಾ?… 'ಈ ಬೇಸಿಗೆಯಲ್ಲಿ ಅವಕಾಶವಾಗುವುದಿಲ್ಲ, ನಿಮಗೆ ಶುಭವಾಗಲಿ.' ಅಷ್ಟೇನಾ? ಬೇರೇನೂ ಇಲ್ವಾ? ಕೆಳಗೆಲ್ಲ ಚೆನ್ನಾಗಿ ನೋಡಿದೆಯಾ?… ಇಲ್ಲ, ಸುಮ್ನೆ ಕೇಳಿದೆ…

ಹೋಗಲಿ ಬಿಡು ಮಗಳೇ. ಎರಡು ತಿಂಗಳ ರಜೆಯಲ್ಲಿ ಲ್ಯಾಬಿಗೆ ಹೋಗಿ ಕಲಿಯೋ ಮಾತು. ಡಾಕ್ಟರಾಗೋದೇನೂ ನಿಂತು ಹೋಗಲಿಲ್ಲವಲ್ಲ… ಗೊತ್ತು, ನಿನಗೆ ಅದೊಂದೇ ಬೇಕಾಗಿತ್ತು ಅಂತ ಗೊತ್ತು… ಆದ್ರೆ ಕಣ್ಣಿನ ಲ್ಯಾಬಿನವರು ಬಾ ಬಾ ಅಂತ ಕರೀತಿದ್ದಾರಲ್ಲ, ಅವರಿಗೆ ಏನಂದೆ?… ಇವತ್ತು ಸಂಜೆಯೊಳಗೆ ಹೇಳಬೇಕಾ? ಹಾಗಿದ್ರೆ ಒಪ್ಪಿಕೋ. ಕಣ್ಣು ಅಂದ್ರೆ ನಮ್ಮ ಕಸುಬು ತಾನೇ! ತಾತ ಊರಿಗೆಲ್ಲ ಕನ್ನಡಕ ಹಾಕಿದ, ಮೊಮ್ಮಗಳು ಬಂದು ಕನ್ನಡಕವೇ ಬೇಡದ ಹಾಗೆ ಮಾಡಿದಳು. ಮನೆಯವಳೇ ಹೊಟ್ಟೆ ಮೇಲೆ ಹೊಡೆದಳು ಅಂತ ಅಂಗಡಿ ಮುಂದೆ ಬೋರ್ಡು ಹಾಕ್ತೀನಿ… ನಗು ಬರಲಿಲ್ವಾ? ನನಗೂ ಬರಲಿಲ್ಲ ಬಿಡು…

ಹಾಂ, ನೀನು ಅದನ್ನೂ ಹೇಳಿದ್ದೆ. ಹೋದ ವರ್ಷ ಅಲ್ಲಿಗೆ ಹೋಗಿದ್ದ ಹುಡುಗ ರಜೆಯೆಲ್ಲಾ ಕಂಪ್ಯೂಟರ್ ಮುಂದೆ ಕೂತು ಚಿತ್ರದಲ್ಲಿ ಚುಕ್ಕಿ ಎಣಿಸಿದ… ದೊಡ್ಡ ಪ್ರೊಫೆಸರನ್ನ ನೋಡಿದ್ದು ಒಂದೇ ಸಲ, ಅದೂ ಲಿಫ್ಟಿನಲ್ಲಿ… ಆದ್ರೂ ಲೇಖನದಲ್ಲಿ ಹೆಸರು ಬರುತ್ತೆ ಅಲ್ವಾ?… ಕೊನೇ ಸಾಲಿನಲ್ಲಾ? ಮದುವೆ ಪತ್ರಿಕೆ ಕೆಳಗೆ ಚಿಕ್ಕ ಮಕ್ಕಳ ಹೆಸರು ಹಾಕ್ತಾರಲ್ಲ, ಹಾಗಾ?… ಸರಿ ಬಿಡು, ಹೆಸರಂತೂ ಹೆಸರೇ…

ಏನು, ನಾನೇ ಹೇಳಿಕೊಟ್ಟಿದ್ದಾ?… ಹೌದು, ಹೇಳಿದ್ದೆ. 'ಯಾವ ಲ್ಯಾಬು ದೊಡ್ಡದು ಅಂತ ಕೇಳಬೇಡ, ತಪ್ಪು ಮಾಡಿದಾಗ ಅಲ್ಲಿ ಪಕ್ಕದಲ್ಲಿ ಯಾರು ಇರ್ತಾರೆ ಅಂತ ಕೇಳು' ಅಂದಿದ್ದೆ… ನೀನು ಹೋಗಿ ಹಳೇ ಹುಡುಗರನ್ನೆಲ್ಲ ಹಾಗೇ ಕೇಳಿದೆ… ಎಲ್ಲರೂ ಆ ಕ್ಷಯದ ಲ್ಯಾಬಿನ ಡಾಕ್ಟರಮ್ಮನ ಹೆಸರೇ ಹೇಳಿದ್ರು. ಪಕ್ಕದ ಸ್ಟೂಲಿನಲ್ಲೇ ಕೂತು, ಕೈ ತಪ್ಪಿದ್ರೆ ಕೈ ಹಿಡಿದು ಕಲಿಸ್ತಾರೆ ಅಂತ… ಹೌದು ಕಣೇ, ನನ್ನ ಮಾತು ನನಗೇ ತಿರುಗಿಸಬೇಡ. ಎಲ್ಲಾ ಹೊತ್ತಿನಲ್ಲೂ ಒಂದೇ ಮಾತು ನಡೆಯಲ್ಲ…

ಅವರ ಲ್ಯಾಬಿನಲ್ಲಿ ಮಾಡ್ತಿರೋದು, ಯಾರ ಕಫದಲ್ಲಿರೋ ರೋಗಕ್ಕೆ ಯಾವ ಮಾತ್ರೆ ಹಿಡಿಯುತ್ತೆ, ಯಾವುದು ಹಿಡಿಯಲ್ಲ ಅಂತ ಬೇಗ ತಿಳಿಯೋ ಪರೀಕ್ಷೆ. ನೆನಪಿದೆ, ನೀನು ಬಿಡಿಸಿ ಹೇಳಿದ್ದೆ… ಅಜ್ಜಿಗೆ ಆ ವರದಿ ಬರೋ ಹೊತ್ತಿಗೆ… ಹಾಂ. ಅಷ್ಟು ದಿನ ಹಿಡಿಯದ ಮಾತ್ರೆಯನ್ನೇ ನುಂಗಿಸಿದ್ವಿ. ನನಗೆ ಹೇಳಬೇಕಾ ಅದನ್ನ? ನನ್ನ ಕೈಯಾರೆ ನುಂಗಿಸಿದೆ. ನೀರಿನ ಲೋಟ ಹಿಡಿದುಕೊಂಡು, 'ನುಂಗು, ದೇವರ ದಯೆ ಇದರಲ್ಲೇ ಇದೆ' ಅಂತ. ಅವಳು ಹೋಗಿ ಇನ್ನೂ ಆರು ತಿಂಗಳಾಗಿಲ್ಲ, ಆ ಮಾತ್ರೆಯ ಬಣ್ಣ ಕಣ್ಣಿಂದ ಹೋಗಿಲ್ಲ…

ಒಂದು ನಿಮಿಷ ಇರು, ಯಾರೋ ಬಂದ್ರು… ಬನ್ನಿ ಟೈಲರಣ್ಣ, ಕೂತ್ಕೊಳ್ಳಿ. ರೆಡಿ ಇದೆ, ಹಾಕಿ ನೋಡಿ… ಏನು, ಸೂಜಿ ಕಾಣ್ತಿಲ್ವಾ? ಗೋಡೆ ಬಾಗಿದ ಹಾಗೆ ಕಾಣುತ್ತಾ? ಎಲ್ಲಿ, ಕೊಡಿ… ಅಯ್ಯೋ ದೇವರೇ, ಎಡಗಣ್ಣಿಂದು ಬಲಕ್ಕೆ ಹಾಕಿಬಿಟ್ಟಿದ್ದೀನಿ. ತಪ್ಪಾಯ್ತು ಅಣ್ಣ… ನಗಿ, ನಗಿ. ನೀವು ಯಾರಿಗೂ ಎರಡೂ ಎಡತೋಳು ಹೊಲಿದು ಕೊಟ್ಟಿಲ್ವಾ?… ನಾಳೆ ಬನ್ನಿ, ಸರಿ ಮಾಡಿಟ್ಟಿರ್ತೀನಿ…

ಹಾಂ, ಹೇಳು ಚೂಟಿ… ಇಲ್ಲ, ಮೈ ಚೆನ್ನಾಗೇ ಇದೆ. ಗಮನ ಎಲ್ಲೋ ಇತ್ತು. ಮೊನ್ನೆಯಿಂದ ಹೀಗೇ ಆಗ್ತಿದೆ… ಮೊನ್ನೆ ಏನೂ ಆಗಲಿಲ್ಲ. ಮೊನ್ನೆ ಅಂದ್ರೆ ಮೊನ್ನೆ, ಒಂದು ಮಾತಿಗೆ…

ನಿನ್ನದೇ ತಪ್ಪಾ? ಹಾಗಂತ ಯಾರು ಹೇಳಿದ್ರು?… ಸಂದರ್ಶನದಲ್ಲಿ ಏನಾಯ್ತು?… 'ಈ ಲ್ಯಾಬೇ ಯಾಕೆ ಬೇಕು' ಅಂತ ಕೇಳಿದ್ರು. ಸರಿ… ಅಜ್ಜಿ ವಿಷಯ ಹೇಳಿದೆ… ಹೇಳ್ತಾ ಹೇಳ್ತಾ ಅತ್ತುಬಿಟ್ಟೆ… ಅಷ್ಟಕ್ಕೇ?… ಮನಸ್ಸು ಗಟ್ಟಿ ಇಲ್ಲ, ಇವಳು ಕಫದ ಡಬ್ಬಿ ಕಂಡಾಗೆಲ್ಲ ಅಳ್ತಾಳೆ ಅಂತ ಬಿಟ್ಟುಬಿಟ್ಟಿರಬೇಕು ಅಂತೀಯಾ… ಇಲ್ಲಮ್ಮ. ಅವರು ಹಾಗೆ ಅಂದ್ಕೊಂಡಿರಲ್ಲ… ನನಗೆ ಹೇಗೆ ಗೊತ್ತಾ? ಗೊತ್ತು ಅಂತಲ್ಲ… ಹಾಗೆ ಅಂದ್ಕೊಳ್ಳೋ ಮನುಷ್ಯರಲ್ಲ ಅಂತ ನಿನ್ನ ಮಾತಿನಿಂದಲೇ ಅನ್ನಿಸ್ತು…

ಏನಂದೆ? ಇನ್ನೊಂದ್ಸಲ ಹೇಳು… ಇನ್ಮೇಲೆ ಯಾರ ಮುಂದೇನೂ ಅಜ್ಜಿ ಸುದ್ದಿ ಎತ್ತಲ್ವಾ?… ಯಾಕೆ ಎತ್ತಬಾರದು?… ಅವಳ ಸುದ್ದಿ ಹೇಳಿದ್ದಕ್ಕೇ ಜಾಗ ಹೋಯ್ತು ಅಂತೀಯಾ… ಚೂಟಿ, ಹಾಗನ್ನಬೇಡ. ಬೇಡ ಮಗಳೇ. ಅವಳು ಬದುಕಿದ್ದಾಗಲೇ ಆ ರೋಗದ ಹೆಸರು ಹೇಳೋಕೆ ನಾವೆಲ್ಲ ನಾಚಿಕೊಂಡ್ವಿ. ಉಬ್ಬಸ ಅಂತ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ವಿ. ಇದು ಕ್ಷಯ, ಇದಕ್ಕೆ ಔಷಧಿ ಇದೆ ಅಂತ ಬಾಯಿಬಿಟ್ಟು ಹೇಳಿದವಳು ನೀನೊಬ್ಬಳೇ. ಈಗ ನೀನೂ ಬಾಯಿ ಮುಚ್ಚಿಕೊಂಡರೆ…

ಕಣ್ಣಿನವರಿಗೆ ಈಗಲೇ ಬರೀತೀಯಾ?… ತಡಿ. ಬರೀಬೇಡ… ಹೌದು, ಇಷ್ಟೊತ್ತು ಒಪ್ಪಿಕೋ ಅಂದವನು ನಾನೇ. ಈಗ ತಡಿ ಅಂತಿರೋದೂ ನಾನೇ. ಫೋನ್ ಇಡಬೇಡ, ಅಂಗಡಿ ಬಾಗಿಲು ಸ್ವಲ್ಪ ಮುಂದೆ ಮಾಡಿ ಬರ್ತೀನಿ…

ಇದ್ದೀಯಾ?… ಕೇಳು. ನಡುವೆ ಏನೂ ಕೇಳಬೇಡ. ಒಂದು ಸಲ ನಿಂತರೆ ಮತ್ತೆ ಶುರು ಮಾಡೋ ಧೈರ್ಯ ನನಗಿಲ್ಲ. ಮೊನ್ನೆ ಬೆಳಿಗ್ಗೆ ಆ ಡಾಕ್ಟರಮ್ಮ ಇಲ್ಲಿಗೆ ಫೋನ್ ಮಾಡಿದ್ರು… ಹೂಂ, ನಿನ್ನ ಲ್ಯಾಬಿನವರೇ… ಈ ಅಂಗಡಿ ನಂಬರಿಗೆ. ಮನೆ ನಂಬರು ಅಂತ ನೀನು ಇದನ್ನೇ ಕೊಟ್ಟಿದ್ದೀಯಲ್ಲ… ಯಾಕಂದ್ರೆ ಅದು ಅವರ ಪದ್ಧತಿಯಂತೆ. ಆರಿಸಿಕೊಂಡ ಎಲ್ಲ ಹುಡುಗರ ಮನೆಗೂ ತಾವೇ ಮಾಡ್ತಾರಂತೆ. 'ಸೋಂಕಿನ ಜೊತೆ ಕೆಲಸ. ನಾವು ಎಷ್ಟೇ ಎಚ್ಚರವಾಗಿದ್ದರೂ ಮನೆಯವರಿಗೆ ತಿಳಿದಿರಬೇಕು. ಮನೆಯವರು ಮನಸಾರೆ ಒಪ್ಪದೆ ನಾನು ಯಾರನ್ನೂ ಆ ಕೋಣೆಯೊಳಗೆ ಬಿಡೋದಿಲ್ಲ' ಅಂದ್ರು. ಆರಿಸಿಕೊಂಡಿದ್ರು ಮಗಳೇ. ನಿನ್ನನ್ನ ಆಗಲೇ ಆರಿಸಿಕೊಂಡಿದ್ರು. 'ಅಜ್ಜಿಯ ಮಾತು ಹೇಳಿದ ಹುಡುಗಿ' ಅಂತಲೇ ಮಾತು ಶುರು ಮಾಡಿದ್ರು. ಇಂಥವರು ನಮಗೆ ಸಿಗೋದು ಕಡಿಮೆ ಅಂದ್ರು…

ನಾನು ಏನಂದೆ ಅಂತಲಾ?… ಬೇಡ ಅಂದೆ…

ಬರೀ ಬೇಡ ಅಂದು ಸುಮ್ನಿದ್ದಿದ್ರೆ ಅದೊಂದು ಮಾತಾಗಿತ್ತು. ಅವರು ಯಾಕೆ ಅಂತ ಕೇಳಿದ್ರು. ಅವಳಿಗೆ ಚಿಕ್ಕಂದಿನಿಂದ ಎದೆ ದುರ್ಬಲ, ಚಳಿ ಬಂದ್ರೆ ಆಸ್ಪತ್ರೆಗೆ ಸೇರಿಸಬೇಕಾಗಿತ್ತು ಅಂದೆ… ಹೌದು, ನೀನು ಒಂದು ದಿನವೂ ಆಸ್ಪತ್ರೆ ಮಂಚ ಹತ್ತಿದವಳಲ್ಲ. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳೋ ಹುಡುಗಿ, ನನಗೆ ಗೊತ್ತಿಲ್ವಾ?… ಬಾಯಿಗೆ ಬಂತು, ಹೇಳಿಬಿಟ್ಟೆ. ಆಮೇಲೆ, ನಾನು ಹೇಳಿದ್ದು ಅಂತ ಅವಳಿಗೆ ತಿಳಿಸಬೇಡಿ, ಮನಸ್ಸು ನೋಯುತ್ತೆ ಅಂತ ಬೇರೆ ಕೇಳಿಕೊಂಡೆ. ಅವರು 'ಆಗಲಿ ಯಜಮಾನರೇ' ಅಂದ್ರು. ಅವರು ಮಾತು ಉಳಿಸಿಕೊಂಡ್ರು ನೋಡು. ಅದಕ್ಕೇ ನಿನಗೆ ಕಾರಣ ಬರೆದಿಲ್ಲ…

ಹಲ್ಲಿನ ಡಾಕ್ಟರಾ?… ಅದೂ ಸುಳ್ಳು. ಹಲ್ಲಿನ ಡಾಕ್ಟರು ಯಾರೂ ಇಲ್ಲ. ಒಂದು ಸುಳ್ಳನ್ನ ಕಾಯೋಕೆ ಇನ್ನೊಂದನ್ನ ಬಾಗಿಲಲ್ಲಿ ನಿಲ್ಲಿಸಬೇಕಾಗುತ್ತೆ…

ಚೂಟಿ?… ಏನು ಬೇಕಾದ್ರೂ ಅನ್ನು. ಬೈದುಬಿಡು…

ಇಲ್ಲ, ಕೋಪ ಮಾಡ್ಕೋಬೇಡ ಅಂತ ಹೇಳ್ತಿಲ್ಲ. ಮಾಡ್ಕೋ… ನೀನು ಅಲ್ಲಿ ನಿನ್ನನ್ನೇ ಹಳಿದುಕೊಂಡು ಕೂತಿದ್ದೀಯ, ನಾನು ಎರಡು ದಿನದಿಂದ ಎಲ್ಲಾ ಗೊತ್ತಿದ್ದೂ ಇಲ್ಲಿ ಲೆನ್ಸ್ ಒರೆಸ್ತಾ ಕೂತಿದ್ದೆ, ಹೌದು. ಇವತ್ತು ನೀನು ಫೋನಿನಲ್ಲಿ ಅತ್ತಾಗಲೂ ಮೊದಲು ನಾನು ನೋಡಿಕೊಂಡದ್ದು ನನ್ನ ಹೆಸರು ಹೊರಗೆ ಬಂತೋ ಇಲ್ಲವೋ ಅಂತ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ…

ಯಾಕೆ ಅಂದ್ರೆ… ಹೆದರಿಕೆ ಕಣೇ. ಇನ್ನೇನು?… ಮುಖಗವಸು, ಗೌನು, ಗಾಳಿ ಎಳೆದು ಸೋಸೋ ಪೆಟ್ಟಿಗೆ, ಎಲ್ಲಾ ನೀನು ಹೇಳಿದ್ದೆ. ಅವರೂ ತಾಳ್ಮೆಯಿಂದ ಹೇಳಿದ್ರು. ತಲೆಗೆ ಹೋಯ್ತು, ಎದೆಗೆ ಹೋಗಲಿಲ್ಲ. ಅವರು ಕಫ ಅಂದ ತಕ್ಷಣ ನನಗೆ ಕಂಡದ್ದು ನಿನ್ನ ಅಜ್ಜಿಯ ಮಂಚ. ಕಿಟಕಿ ಪಕ್ಕದಲ್ಲಿ ಆ ಮುಚ್ಚಳದ ಡಬ್ಬಿ. ಮಂಚದ ಮೇಲೆ ಅವಳಿರಲಿಲ್ಲ, ನೀನು ಮಲಗಿದ್ದೆ…

ಹೌದು… ಅದೂ ನಿಜ. ನಾನು ಹೊಸಿಲಾಚೆ ಕುರ್ಚಿ ಹಾಕ್ಕೊಂಡು ಕೂರ್ತಿದ್ದೆ. ಇನ್ನು ಹರಡಲ್ಲ, ಹತ್ತಿರ ಹೋಗಬಹುದು ಅಂತ ಡಾಕ್ಟರು ಹೇಳಿದ ಮೇಲೂ. ನೀನು ಒಳಗೆ ಹೋಗಿ ಅವಳ ತಲೆ ಬಾಚ್ತಿದ್ದೆ, ನಾನು ಆಚೆಯಿಂದ ಪ್ರಾರ್ಥನೆ ಓದಿ ಹೇಳ್ತಿದ್ದೆ… ಹೇಳು, ಹೇಳು. ಅನ್ನಿಸಿಕೊಳ್ಳಬೇಕಾದ ಮಾತೇ ಅದು… ಆ ಹೆದರಿಕೆಯನ್ನೇ ನಿನ್ನ ಮೇಲೆ ಹೊದಿಸೋಕೆ ಹೋದೆ, ಪ್ರೀತಿ ಅಂತ ಹೆಸರಿಟ್ಟು…

ದೇವರ ಮುಂದೆ ಕೂತಿದ್ದೆ, ಕೂರದೆ ಏನು. ಆ ಮಗುವನ್ನ ಕಾಪಾಡಪ್ಪಾ ಅಂತ ಕೇಳೋಕೆ ಹೋಗ್ತೀನಿ. ಯಾರಿಂದ ಕಾಪಾಡಲಿ, ನಿನ್ನಿಂದಲೇ ತಾನೇ ಅಂತ ಅವನೇ ಕೇಳಿದ ಹಾಗಾಗುತ್ತೆ. ಎದ್ದು ಬಂದುಬಿಡ್ತೀನಿ…

ನಾನಾ?… ನಾನೇ ಫೋನ್ ಮಾಡಬೇಕಾ?… ನೀನೇ ಮಾಡಿ, ತಾತನಿಗೆ ವಯಸ್ಸಾಗಿದೆ, ಏನೋ ಬಡಬಡಿಸಿಬಿಟ್ರು ಅಂದ್ರೆ ಆಗಲ್ವಾ?… ಆಗಲ್ಲ… ಹೂಂ, ಎದೆ ದುರ್ಬಲ ಅಂತ ಮನೆಯವರೇ ಹೇಳಿದ ಮೇಲೆ, ನೀನು ಎಷ್ಟು ಇಲ್ಲ ಅಂದ್ರೂ ಮುಚ್ಚಿಡ್ತಿದ್ದಾಳೆ ಅಂತಲೇ ತಿಳ್ಕೋತಾರೆ. ಅದು ಸರಿ. ಗಂಟು ಹಾಕಿದವನೇ ಬಿಚ್ಚಬೇಕು…

ನಿನ್ನ ಅಮ್ಮನ ಕೈಲಿ ಮಾಡಿಸಲಾ? ಅವಳಿಗೆ ಮಾತು ಚೆನ್ನಾಗಿ ಬರುತ್ತೆ… ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಅವಳು ಬರೋ ಹೊತ್ತಿಗೆ ಸಂಜೆ ದಾಟಿರುತ್ತೆ, ಹೌದು… ಸರಿ, ಮಗಳ ಸೆರಗಿನ ಹಿಂದೆ ಅವಿತುಕೊಳ್ಳೋದು ಬೇಡ. ಮಾಡ್ತೀನಿ…

ಏನು ಹೇಳ್ತೀನಾ?… 'ಅಮ್ಮಾ, ನಾನು ಆ ಹುಡುಗಿಯ ತಾತ. ಮೊನ್ನೆ ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು…' ಯಾಕೆ, ಇದಕ್ಕೇನಾಯ್ತು?… ತಪ್ಪು ತಿಳುವಳಿಕೆ ಅಲ್ಲ. ಸುಳ್ಳು. ಸುಳ್ಳು ಅಂತಲೇ ಅನ್ನಬೇಕಾ? ಈ ವಯಸ್ಸಿನಲ್ಲಿ, ಮುಖ ಪರಿಚಯವಿಲ್ಲದ ಹೆಂಗಸಿನ ಹತ್ತಿರ… ಸರಿ, ಸರಿ. ಮುಖ ಪರಿಚಯವಿಲ್ಲದವರ ಹತ್ತಿರ ಸುಳ್ಳು ಹೇಳೋಕೆ ನಾಚಿಕೆ ಆಗಲಿಲ್ಲ, ಒಪ್ಪಿಕೊಂಡೆ. ನಿನ್ನ ನಾಲಗೆ ನಿನ್ನ ಅಜ್ಜೀದೇ ಕಣೇ, ಎಲ್ಲಿ ಕತ್ತರಿಸಬೇಕೋ ಅಲ್ಲೇ ಕತ್ತರಿಸುತ್ತೆ…

ಜಾಗ ಬೇರೆಯವರಿಗೆ ಕೊಟ್ಟುಬಿಟ್ಟಿದ್ರೆ?… ಅದು ನಿನ್ನ ಪಾಡು, ನಾನು ನಿಜ ಹೇಳಿದ್ರೆ ಸಾಕು ಅಂತೀಯಾ… ಹಾಗಾದ್ರೆ ಕಣ್ಣಿನವರನ್ನಾದ್ರೂ ಸ್ವಲ್ಪ ಹಿಡಿದಿಟ್ಕೋ… ಏನು, ಅವರಿಗೆ ಬರಲ್ಲ ಅಂತ ಬರೀತೀಯಾ? ಈಗಲೇ? ಇದು ಏನಾಗುತ್ತೆ ಅಂತ ಗೊತ್ತಾಗೋ ಮುಂಚೆನೇ?… ಎರಡೂ ಕೈ ತಪ್ಪಿದ್ರೆ ಬೇಸಿಗೆಯೆಲ್ಲಾ ಏನು ಮಾಡ್ತೀಯ?… ವಾರ್ಡಿನಲ್ಲೇ ಇರ್ತೀಯಾ. ಮುಂದಿನ ವರ್ಷ ಮತ್ತೆ ಅಲ್ಲಿಗೇ ಅರ್ಜಿ ಹಾಕ್ತೀಯಾ… ಆಗಲೂ ಅವರು ಮನೆಗೆ ಫೋನ್ ಮಾಡ್ತಾರೆ… ಆಗಲೂ ಎತ್ತೋದು ನಾನೇ… ಹೂಂ. ಅರ್ಥವಾಯ್ತು. ಈ ವರ್ಷ ತಪ್ಪಿಸಿಕೊಂಡ್ರೂ ಮುಂದಿನ ವರ್ಷ ತಪ್ಪಿಸಿಕೊಳ್ಳೋ ಹಾಗಿಲ್ಲ…

ನಂಬರು ಇದೆ. ಫ್ರೇಮಿನ ಪೆಟ್ಟಿಗೆ ಮೇಲೆ ಬರೆದುಕೊಂಡಿದ್ದೀನಿ… ಮೊನ್ನೆಯೇ ಬರೆದುಕೊಂಡೆ. ಅವರು ಇಟ್ಟ ಮೇಲೆ… ಯಾಕೆ ಅಂದ್ರೆ ಏನು ಹೇಳಲಿ? ರಿಸೀವರ್ ಎತ್ತೋದು, ಅರ್ಧ ನಂಬರು ಒತ್ತೋದು, ಇಡೋದು. ಅದೇ ಆಗಿದೆ ನನ್ನ ಕೆಲಸ…

ಈಗ ಹೆದರಿಕೆ ಇಲ್ಲ, ಎಲ್ಲಾ ಅರ್ಥವಾಯ್ತು ಅಂತ ಹೇಳಲಾ? ಹಾಗಂದ್ರೆ ಅವರಿಗೂ ಸಮಾಧಾನ… ಅಲ್ವಾ? ಅದೂ ಸುಳ್ಳೇ ಆಗುತ್ತೆ… ಮನಸಾರೆ ಒಪ್ಪಿದ್ದೀರಾ ಅಂತ ಕೇಳಿದ್ರೆ?… ಕೇಳೇ ಕೇಳ್ತಾರೆ ಅವರು. ಹೆದರಿಕೆ ಇರೋ ಮನಸ್ಸು ಒಪ್ಪಿದ್ರೆ ಅದನ್ನ ಮನಸಾರೆ ಅಂತಾರಾ?… ಗೊತ್ತಿಲ್ವಾ? ನನಗೂ ಗೊತ್ತಿಲ್ಲ. ಅವರನ್ನೇ ಕೇಳ್ತೀನಿ. 'ಅಮ್ಮಾ, ನನಗೆ ಹೆದರಿಕೆ ಹೋಗಿಲ್ಲ, ಹೋಗೋದೂ ಇಲ್ಲ. ಆದ್ರೂ ಅವಳನ್ನ ಕಳಿಸ್ತೀನಿ. ಇಷ್ಟು ಸಾಕಾ ನಿಮಗೆ' ಅಂತ…

ಯಾಕೆ ಅಳ್ತಿದ್ದೀಯ ಮತ್ತೆ?… ಸರಿ, ಅಳ್ತಿಲ್ಲ… ಇಲ್ಲ, ಇನ್ನೇನೂ ಹೇಳಿಕೊಡಬೇಡ. ಬಾಯಿಪಾಠ ಮಾಡಿ ಹೇಳಿದ್ರೆ ನಿಜವೂ ಸುಳ್ಳಿನ ಹಾಗೇ ಕೇಳಿಸುತ್ತೆ. ನೀನು ಇಡು. ನೀನು ಇಟ್ಟರೆ ತಾನೇ ನಾನು ಅವರಿಗೆ ಮಾಡೋದು…

ಇಡು ಮಗಳೇ… ಇನ್ನೂ ಇದ್ದೀಯಾ?… ನೀನು ಇಡಲ್ವಾ?… ನಾನು ಮತ್ತೆ ಅರ್ಧಕ್ಕೇ ನಿಲ್ಲಿಸ್ತೀನಿ ಅಂತ ಅನುಮಾನಾನಾ?… ಇರಬೇಕಾದ್ದೇ. ಸರಿ, ಹಾಗಾದ್ರೆ ನಾನೇ…